ಕುಡ್ಲದ ಆಸ್ಪತ್ರೆ, ಕೇರಳದ ರೇಷನ್ ಕಾರ್ಡು: ಮಂಜೇಶ್ವರದ ರೋಗಿಗಳು ಮತ್ತು ಗಡಿ

ನನ್ನ ಧ್ವನಿ ಕೇಳ್ತಾ ಇದೆ ಅಂದ್ಕೊಳ್ತೇನೆ. ಊರಿನಿಂದಲೇ ಮಾತಾಡ್ತಾ ಇದ್ದೇನೆ, ಮಳೆ ಜೋರಾದರೆ ನೆಟ್‌ವರ್ಕ್ ಕೈಕೊಡ್ತದೆ. ನಮ್ಮ ಮನೆಯ ಜಗಲಿಯಲ್ಲಿ ಫೋನು ಕರ್ನಾಟಕದ ಟವರು ಹಿಡೀತದೆ, ಅಡುಗೆಕೋಣೆಗೆ ಹೋದರೆ ಕೇರಳದ್ದು. ರೋಮಿಂಗಿಗೆ ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ ಅಪ್ಪ ಯಾವಾಗಲೂ ಒಳಗೆ ನಿಂತೇ ಮಾತಾಡ್ತಿದ್ದರು.

ಈ ವಿಚಾರಸಂಕಿರಣದಲ್ಲಿ ಗಡಿನಾಡಿನ ಶಾಲೆಗಳ ಬಗ್ಗೆ, ನಾಮಫಲಕಗಳ ಬಗ್ಗೆ, ಯಕ್ಷಗಾನ ಮತ್ತು ಪತ್ರಿಕೆಗಳ ಬಗ್ಗೆ ಒಳ್ಳೆಯ ಪ್ರಬಂಧಗಳು ಬಂದಿವೆ. ನಾನು ಆಸ್ಪತ್ರೆಯ ಬಗ್ಗೆ ಮಾತಾಡ್ತೇನೆ. ಸಾಹಿತ್ಯದ ವಿದ್ಯಾರ್ಥಿಗೆ ಆಸ್ಪತ್ರೆ ಯಾಕೆ ಅಂತ ನನ್ನ ಮಾರ್ಗದರ್ಶಕರೂ ಕೇಳಿದರು. ಗಡಿನಾಡ ಕನ್ನಡಿಗನ ಭಾಷೆ ಯಾವುದು ಎನ್ನುವ ಪ್ರಶ್ನೆಗೆ ನಾವು ಯಾವಾಗಲೂ ಶಾಲೆಯ ಕಡೆ ನೋಡ್ತೇವೆ. ಆದರೆ ನಮ್ಮ ಊರಿನ ಹೆಚ್ಚಿನವರು ಹತ್ತನೇ ತರಗತಿ ಮುಗಿದ ಮೇಲೆ ಶಾಲೆಯ ಮೆಟ್ಟಿಲು ಹತ್ತೋದಿಲ್ಲ. ಆಸ್ಪತ್ರೆಯ ಮೆಟ್ಟಿಲು ಕೊನೆಯ ದಿನದವರೆಗೂ ಹತ್ತುತ್ತಾರೆ. ಭಾಷೆ ನಿಜವಾಗಿ ಬೇಕಾಗುವುದು ಅಲ್ಲಿ ಎಂದು ನನಗೆ ಗೊತ್ತಾದದ್ದು ಅಜ್ಜಿಯ ಕಾಯಿಲೆಯಿಂದ.

ಊರಿನ ಪರಿಚಯ ಸ್ವಲ್ಪ ಮಾಡ್ಬೇಕು. ಮಂಜೇಶ್ವರ ಕೇರಳದ ಉತ್ತರ ತುದಿ. ಗೋವಿಂದ ಪೈಗಳ ಊರು ಎಂದರೆ ಇಲ್ಲಿರುವವರಿಗೆಲ್ಲ ಗೊತ್ತಾಗ್ತದೆ. ತಲಪಾಡಿಯ ಗಡಿಗೆ ಐದಾರು ಕಿಲೋಮೀಟರ್, ಮಂಗಳೂರಿಗೆ ಸುಮಾರು 20, ಕಾಸರಗೋಡು ಪೇಟೆಗೆ ಸುಮಾರು 30, ತಿರುವನಂತಪುರಕ್ಕೆ ಹತ್ತಿರಹತ್ತಿರ 600. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಬ್ಯಾರಿ ಭಾಷೆ ಮತ್ತು ಮಲಯಾಳ, ದೇವಸ್ಥಾನದ ಬೀದಿಯಲ್ಲಿ ಕೊಂಕಣಿ, ಉಪ್ಪಳಕ್ಕೆ ಹೋದರೆ ಉರ್ದು. ಭಾಷಣಕಾರರು ಇದನ್ನು ಸಪ್ತಭಾಷಾ ಸಂಗಮ ಅಂತಾರೆ. ಕೆಲಸಕ್ಕೆ, ಕಾಲೇಜಿಗೆ, ಮದುವೆಯ ಸೀರೆಗೆ, ಮೀನಿನ ವ್ಯಾಪಾರಕ್ಕೆ ಜನ ಹೋಗುವುದು ಕುಡ್ಲಕ್ಕೆ, ಅಂದರೆ ಮಂಗಳೂರಿಗೆ. ಮಂಗಳೂರಿನ ಸಿಟಿ ಬಸ್ಸು ತಲಪಾಡಿಯಲ್ಲಿ ನಿಲ್ತದೆ. ಇಳಿದು ನಾಲ್ಕು ಹೆಜ್ಜೆ ನಡೆದು ಈಚೆಯ ಬಸ್ಸು ಹತ್ತಿದರೆ ಆಯ್ತು. ನಕ್ಷೆಯಲ್ಲಿ ಬೇರೆ ರಾಜ್ಯ, ಬದುಕಿನಲ್ಲಿ ನಾವು ಮಂಗಳೂರಿನ ಹೊರವಲಯ.

ಹಾಗಾಗಿ ಯಾರಿಗಾದರೂ ಎದೆನೋವು ಬಂದರೆ ಇಲ್ಲಿನ ಡಾಕ್ಟರು ನಾಡಿ ಹಿಡಿದು ಹೇಳುವ ಮಾತು ಒಂದೇ: “ಮಂಗಳೂರಿಗೆ ಕೊಂಡುಹೋಗಿ.”

ಇದು ಇತ್ತೀಚೆಗೆ ಶುರುವಾದ ಅಭ್ಯಾಸ ಅಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲಾಕೇಂದ್ರ ಮಂಗಳೂರು, ಆದ್ದರಿಂದ 1848ರಲ್ಲಿ ಆರಂಭವಾದ, ಮುಂದೆ ಮದ್ರಾಸಿನ ಗವರ್ನರ್ ಒಬ್ಬರ ಹೆಸರು ಪಡೆದ ವೆನ್ಲಾಕ್ ಆಸ್ಪತ್ರೆ ನಮ್ಮ ಮುತ್ತಜ್ಜನ ಕಾಲದವರಿಗೆ ಸ್ವಂತ ಜಿಲ್ಲೆಯ ಆಸ್ಪತ್ರೆ. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದ್ದೂ ಇದೇ ಜಿಲ್ಲೆಯಲ್ಲಿ. 1907ರ ಸುಮಾರಿಗೆ ರೈಲು ಬಂದ ಮೇಲೆ ಇನ್ನೂ ಸುಲಭವಾಯಿತು. ಮಂಜೇಶ್ವರದಲ್ಲಿ ಹತ್ತಿ ಮಂಗಳೂರಿನಲ್ಲಿ ಇಳಿದರೆ ಈಗಲೂ ಸ್ಟೇಷನ್ನಿನಿಂದ ವೆನ್ಲಾಕಿಗೆ ನಡೆದೇ ಹೋಗಬಹುದು. ಬೆಳಗಿನ ಲೋಕಲ್ ರೈಲಿನಲ್ಲಿ ಎಕ್ಸ್‌ರೇ ಕವರು ಹಿಡಿದು ಕೂತವರನ್ನು ಲೆಕ್ಕ ಹಾಕಿದರೆ ಒಂದು ಬೋಗಿಯಲ್ಲಿ ನಾಲ್ಕೈದು ಜನ ಸಿಕ್ಕೇ ಸಿಗ್ತಾರೆ.

ರಾಜ್ಯಗಳ ಮರುವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1957ರ ಆರಂಭದಲ್ಲಿ ಕಣ್ಣೂರು ಜಿಲ್ಲೆಯಾಯಿತು, ನಾವು ಅದರ ಭಾಗವಾದೆವು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ ತಿಂಗಳಲ್ಲಿ. ಅಂದರೆ 27 ವರ್ಷ ಮಂಜೇಶ್ವರದವನ ಜಿಲ್ಲಾಕೇಂದ್ರ 20 ಕಿಲೋಮೀಟರ್ ಉತ್ತರದಲ್ಲಲ್ಲ, ಸುಮಾರು 120 ಕಿಲೋಮೀಟರ್ ದಕ್ಷಿಣದಲ್ಲಿ. ಅದೇ 1957ರಲ್ಲಿ ಮಲಬಾರಿನ ಮೊದಲ ವೈದ್ಯಕೀಯ ಕಾಲೇಜು ಕೋಝಿಕ್ಕೋಡಿನಲ್ಲಿ ಶುರುವಾಯಿತು. ಅದು ಇನ್ನೂ ದೂರ. ಆ ಹೊತ್ತಿಗೆ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ವೆನ್ಲಾಕಿನಲ್ಲಿ ಪಾಠ ಮಾಡ್ತಾ ಇದ್ದರು. ಕಂದಾಯದ ಕಡತ ದಕ್ಷಿಣಕ್ಕೆ ಹೋಯಿತು, ರೋಗಿ ಉತ್ತರಕ್ಕೇ ಹೋಗುತ್ತಾ ಉಳಿದ. ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದದ್ದು, ಅದು ಜಾರಿಗೆ ಬಾರದ್ದು, ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಜೀವಮಾನವಿಡೀ ದನಿಯೆತ್ತಿದ್ದು ಎಲ್ಲರಿಗೂ ಗೊತ್ತಿರುವ ವಿಚಾರ, ಅದರೊಳಗೆ ಈಗ ಹೋಗೋದಿಲ್ಲ.

1999ರಲ್ಲಿ ದೇರಳಕಟ್ಟೆಯಲ್ಲಿ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳು ಬಂದ ಮೇಲೆ ಚಿತ್ರ ಸ್ವಲ್ಪ ಬದಲಾಯಿತು. ದೇರಳಕಟ್ಟೆ ನೇತ್ರಾವತಿಯ ಈಚೆಗೆ, ಅಂದರೆ ನಮ್ಮ ಕಡೆಗೆ ಇದೆ. ವೈದ್ಯಕೀಯ ಕಾಲೇಜಿಗೆ ಮಾನ್ಯತೆ ಉಳಿಯಬೇಕಾದರೆ ಇಷ್ಟು ಹಾಸಿಗೆ ಇರಬೇಕು, ಅದರಲ್ಲಿ ಇಷ್ಟು ಭಾಗ ರೋಗಿಗಳಿಂದ ತುಂಬಿರಬೇಕು ಎಂಬ ನಿಯಮ ಇದೆ. ಕಲಿಯುವ ವಿದ್ಯಾರ್ಥಿಗೆ ರೋಗಿ ಬೇಕು. ಅದಕ್ಕಾಗಿ ಜನರಲ್ ವಾರ್ಡಿನ ಖರ್ಚನ್ನು ಕಡಿಮೆ ಇಡ್ತಾರೆ, ಹಳ್ಳಿಗಳಲ್ಲಿ ಉಚಿತ ಶಿಬಿರ ಮಾಡಿ ಬಸ್ಸಿನಲ್ಲಿ ಕರೆದುಕೊಂಡು ಹೋಗ್ತಾರೆ. ನಮ್ಮೂರಿನಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಕಣ್ಣಿನ ಪೊರೆಯ ಆಪರೇಷನ್ ಆದದ್ದು ಹೀಗೆ. ಇದನ್ನು ದಾನ ಎಂದು ಹೇಳುವವರಿದ್ದಾರೆ. ನನಗೆ ಕೊಡುಕೊಳ್ಳುವಿಕೆ ಎಂದು ಕಾಣ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಕಾಲೇಜುಗಳಿಗೆ ಕೇರಳದ ರೋಗಿ ಎಷ್ಟು ಅಗತ್ಯ ಎನ್ನುವುದು ಮುಂದೆ ಹೇಳುವ ಗಲಾಟೆಯಲ್ಲಿ ಎಲ್ಲರಿಗೂ ಮರೆತುಹೋಯಿತು.

ಇನ್ನೊಂದು ವಿಷಯ, ಕಾಗದಪತ್ರದ್ದು. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದರ ಪ್ರಕಾರ ಹುಟ್ಟು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಮಂಜೇಶ್ವರದ ಎಷ್ಟೋ ಹೆರಿಗೆ ಮಂಗಳೂರಿನಲ್ಲಿ ಆಗುವುದರಿಂದ ನಮ್ಮಲ್ಲಿ ತುಂಬಾ ಜನರ ಜನನ ಪತ್ರ ಕರ್ನಾಟಕದ್ದು. ನನ್ನದೂ ಹಾಗೆಯೇ. ಹುಟ್ಟಿದ ಐದನೇ ದಿನ ರಿಕ್ಷಾದಲ್ಲಿ ರಾಜ್ಯ ದಾಟಿ ಮನೆಗೆ ಬಂದವರು ನಾವು. ಕೇರಳದಲ್ಲಿ ಕಾಲೇಜಿಗೋ ಕೆಲಸಕ್ಕೋ ಅರ್ಜಿ ಹಾಕುವಾಗ “ಹುಟ್ಟಿದ ಸ್ಥಳ ಮಂಗಳೂರು” ಎಂದು ನೋಡಿ ಗುಮಾಸ್ತ ತಲೆ ಎತ್ತುತ್ತಾನೆ, ನೇಟಿವಿಟಿ ಪತ್ರ ತನ್ನಿ ಎನ್ನುತ್ತಾನೆ. ಕರ್ನಾಟಕಕ್ಕೆ ಬಂದರೆ ಸಿಇಟಿಯಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ಕಲಮು ಇದೆ. ಕಾಸರಗೋಡಿನವರಿಗೆ, ಸೋಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಮಡಕಶಿರಾದವರಿಗೆ ಅದರಿಂದ ಸೀಟು ಸಿಗ್ತದೆ. ಈ ಪರದೆಯಲ್ಲಿರುವ ನಮ್ಮಲ್ಲಿ ಕೆಲವರು ಹಾಗೆಯೇ ಓದ್ತಾ ಇದ್ದೇವೆ. ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಅಂಥ ಕಲಮಿಲ್ಲ. ಅಲ್ಲಿ ಕೇಳೋದು ಆಧಾರಿನ ವಿಳಾಸ ಮತ್ತು ಕಾರ್ಡು. ಅಜ್ಜಿಗೆ ಕೇರಳದ ಆರೋಗ್ಯ ವಿಮೆಯ ಕಾರ್ಡು ಇತ್ತು, ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ಕೊಂಡುಹೋದರು. “ಇದು ಇಲ್ಲಿ ಆಗೋದಿಲ್ಲ ಅಮ್ಮಾ” ಎಂದರು. ಮತ್ತೆ ಅದು ಮನೆಯ ಕಪಾಟಿನಲ್ಲೇ ಉಳಿಯಿತು.

ಅಜ್ಜಿಗೆ ಎರಡೂ ಕಿಡ್ನಿ ಕೈಕೊಟ್ಟದ್ದು 2019ರಲ್ಲಿ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಗಡಿಯಾಚೆಯ ಒಂದು ಆಸ್ಪತ್ರೆಯಲ್ಲಿ. ಪರಿಚಯದ ಆಟೋದವರು ಬೆಳಿಗ್ಗೆ ಆರಕ್ಕೆ ಬರ್ತಿದ್ದರು. ಅಜ್ಜಿಗೆ ಅದು ಒಂದು ರೀತಿಯ ತಿರುಗಾಟ ಆಗಿಬಿಟ್ಟಿತ್ತು. ಪಕ್ಕದ ಮಂಚದವರ ಸೊಸೆಯ ಕಥೆ, ನರ್ಸಮ್ಮನ ಮದುವೆಯ ಸುದ್ದಿ ಎಲ್ಲ ಸಂಜೆ ನಮಗೆ ವರದಿ ಆಗ್ತಿತ್ತು.

2020ರ ಮಾರ್ಚ್ ಮೂರನೇ ವಾರದಲ್ಲಿ ಗಡಿ ಮುಚ್ಚಿತು. ತಲಪಾಡಿಯಲ್ಲಿ ಪೊಲೀಸರು, ಒಳರಸ್ತೆಗಳಿಗೆ ಅಡ್ಡಲಾಗಿ ಲಾರಿಯಲ್ಲಿ ತಂದು ಸುರಿದ ಮಣ್ಣು. ಕರ್ನಾಟಕದ ಭಯ ಸುಳ್ಳು ಭಯ ಆಗಿರಲಿಲ್ಲ. ಆ ದಿನಗಳಲ್ಲಿ ಕೇರಳದಲ್ಲೇ ಅತಿ ಹೆಚ್ಚು ಕೋವಿಡ್ ಪ್ರಕರಣ ಇದ್ದ ಜಿಲ್ಲೆ ಕಾಸರಗೋಡು. ಆದರೆ ಆಂಬುಲೆನ್ಸನ್ನೂ ವಾಪಸು ಕಳಿಸಿದರು. ಚಿಕಿತ್ಸೆ ಸಿಗದೆ ಹಲವರು ಸತ್ತರೆಂದು ಪತ್ರಿಕೆಗಳು ದಿನವೂ ಬರೆದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಬದುಕುವ ಹಕ್ಕನ್ನೂ ಸಂಚಾರದ ಹಕ್ಕನ್ನೂ ಕಸಿಯುತ್ತದೆ ಎಂದು ಹೇಳಿ, ಅಡೆತಡೆ ತೆಗೆಸಲು ಕೇಂದ್ರಕ್ಕೆ ಆದೇಶಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ರೋಗಿಗಳನ್ನು ಬಿಡುವ ಬಗ್ಗೆ ಎರಡೂ ರಾಜ್ಯಗಳ ನಡುವೆ ಒಪ್ಪಂದ ಆಗಿದೆ ಎಂದು ಕೇಂದ್ರ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು. ಒಪ್ಪಂದ ಆದ ಮೇಲೂ ಪತ್ರ ಬೇಕು, ತಪಾಸಣೆ ಬೇಕು, ಕೋವಿಡ್ ಅಲ್ಲ ಎಂಬ ಖಾತ್ರಿ ಬೇಕು. 2021ರಲ್ಲಿ ಮತ್ತೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಕೇಳಿದರು. ವಾರಕ್ಕೆ ಎರಡು ಸಲ ಹೋಗುವವರ ಪಾಡು ಏನು ಅಂತ ನೀವೇ ಲೆಕ್ಕ ಹಾಕಿ.

ಗಡಿ ಮುಚ್ಚಿದ ಮೊದಲ ವಾರ ಅಜ್ಜಿಗೆ ಎರಡು ಡಯಾಲಿಸಿಸ್ ತಪ್ಪಿತು. ಕಾಲು ಬಾತುಕೊಂಡಿತು, ರಾತ್ರಿ ಮಲಗಿದರೆ ದಮ್ಮು ಕಟ್ತಿತ್ತು, ಕೂತೇ ಬೆಳಗು ಮಾಡಿದರು. ನೀರು ಕೊಡಬಾರದು, ಅವರು ಕೇಳ್ತಾರೆ. ಅಮ್ಮ ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದರು. ಕೊನೆಗೆ ಪಂಚಾಯತು ಸದಸ್ಯರು ಓಡಾಡಿ ಕಾಸರಗೋಡು ಪೇಟೆಯ ಒಂದು ಆಸ್ಪತ್ರೆಯಲ್ಲಿ ಜಾಗ ಮಾಡಿಕೊಟ್ಟರು. ಅಜ್ಜಿ ಉಳಿದರು. ಅಲ್ಲಿಯ ನರ್ಸುಗಳು ಒಳ್ಳೆಯವರು, ಹಗಲು ರಾತ್ರಿ ಪಿಪಿಇ ಕಿಟ್ಟಿನೊಳಗೆ ಬೆವರುತ್ತಾ ದುಡಿದವರು. ನಾನು ಹೇಳಹೊರಟ ತೊಂದರೆ ಅವರದ್ದಲ್ಲ, ಮಾತಿನದ್ದು.

ಅಜ್ಜಿಗೆ ತುಳು ಮತ್ತು ಕನ್ನಡ ಬಿಟ್ಟರೆ ಬೇರೆ ಬರ್ತಿರಲಿಲ್ಲ. ನಮ್ಮೂರಿನಲ್ಲಿ ಎಲ್ಲರಿಗೂ ಮಲಯಾಳ ಬರ್ತದೆ ಎಂದು ಹೊರಗಿನವರು ತಿಳೀತಾರೆ. ಗಂಡಸರಿಗೆ, ಪೇಟೆಗೆ ಹೋಗುವವರಿಗೆ, ನಮ್ಮ ವಯಸ್ಸಿನವರಿಗೆ ಬರ್ತದೆ. ಗದ್ದೆ, ಬೀಡಿ, ಮನೆ ಎಂದು ಇದ್ದ ಹಿರಿಯ ಹೆಂಗಸರಿಗೆ ಬರೋದಿಲ್ಲ. ಸೋಂಕಿನ ಭಯದಿಂದ ಜೊತೆಗೆ ಯಾರನ್ನೂ ಒಳಗೆ ಬಿಡ್ತಿರಲಿಲ್ಲ. ಯಂತ್ರಕ್ಕೆ ಹಾಕಿ ಒಂದು ಗಂಟೆ ಆದಾಗ ಅಜ್ಜಿ, “ನಂಗೆ ಸಂಕಟ ಆಗ್ತದೆ” ಎಂದಿದ್ದಾರೆ. ನಮ್ಮ ಕನ್ನಡದಲ್ಲಿ ಸಂಕಟ ಎಂದರೆ ಹೊಟ್ಟೆ ತೊಳಸುವುದು, ಎದೆಯ ಹತ್ತಿರ ಏನೋ ಹಿಂಡಿದ ಹಾಗೆ ಆಗುವುದು. ಡಯಾಲಿಸಿಸ್ ಹೊತ್ತಿನಲ್ಲಿ ಬಿಪಿ ಇಳಿದರೆ ಹಾಗೆ ಆಗ್ತದೆ, ಕೂಡಲೇ ನೋಡಬೇಕು. ಮಲಯಾಳದಲ್ಲಿ ಅದೇ ಪದ ಇದೆ, ‘ಸಂಕಡಂ’, ಅದರ ಅರ್ಥ ದುಃಖ. ನರ್ಸು ಹತ್ತಿರ ಬಂದು ಅಜ್ಜಿಯ ಕೈ ಸವರಿ “ಸಂಕಡಪ್ಪೆಡಂಡ ಅಮ್ಮಾ” ಎಂದರಂತೆ. ದುಃಖಪಡಬೇಡಿ ಅಮ್ಮಾ ಎಂದು. ಅಷ್ಟರಲ್ಲಿ ಅಜ್ಜಿಗೆ ಕಣ್ಣು ಕತ್ತಲೆ ಬಂತು. ಪಕ್ಕದ ಮಂಚದ ಕುಂಬಳೆಯ ಒಬ್ಬರು ಎರಡೂ ಭಾಷೆಯಲ್ಲಿ ಕೂಗಿದ್ದರಿಂದ ಯಂತ್ರ ನಿಲ್ಲಿಸಿದರು.

ಈ ಘಟನೆ ಆದಮೇಲೆ ನಾನು ಇಂಥ ಪದಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಶುರುಮಾಡಿದೆ. ಮಲಯಾಳದ ಡಾಕ್ಟರು “ಪನಿಯುಂಡೋ?” ಎಂದರೆ ಜ್ವರ ಇದೆಯಾ ಎಂದು. ತುಳುವಿನಲ್ಲಿ ಪನಿ ಎಂದರೆ ತುಂತುರು ಮಳೆ, ‘ಉಂಡು’ ಎಂದರೆ ಇದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಡಾಕ್ಟರು ಮಳೆಯ ವಿಚಾರ ಯಾಕೆ ಕೇಳ್ತಾರೆ ಎಂದು ನಮ್ಮ ನೆರೆಮನೆಯ ದೊಡ್ಡಮ್ಮ ಕಿಟಕಿ ನೋಡಿದರಂತೆ. ಉಸಿರು ಕಟ್ಟುವುದಕ್ಕೆ ಅಲ್ಲಿ ‘ಶ್ವಾಸಂ ಮುಟ್ಟಲ್’. ಗಂಡು ಡಾಕ್ಟರು ಎಲ್ಲರೆದುರು ‘ಮುಟ್ಟಿ’ನ ಪ್ರಶ್ನೆ ಕೇಳಿದರೆಂದು ಹೆಂಗಸೊಬ್ಬರು ನಾಚಿ ತಲೆ ತಗ್ಗಿಸಿದ್ದಾರೆ. ಕೇಳುವಾಗ ನಗು ಬರ್ತದೆ. ಭಾಷೆಗಳು ದೂರದ್ದಾದರೆ ಅರ್ಥ ಆಗಲಿಲ್ಲ ಎಂದು ಇಬ್ಬರಿಗೂ ಗೊತ್ತಾಗ್ತದೆ, ದುಭಾಷಿಯನ್ನು ಕರೀತಾರೆ. ಅಕ್ಕತಂಗಿ ಭಾಷೆಗಳಲ್ಲಿ ಅರ್ಥ ಆಯಿತೆಂದೇ ಇಬ್ಬರೂ ತಿಳೀತಾರೆ. ಭಾಷಾವಿಜ್ಞಾನದ ತರಗತಿಯಲ್ಲಿ ಜ್ಞಾತಿ ಪದಗಳ ಪಟ್ಟಿ ಬರೆಯುವಾಗ ನನಗೆ ಈ ಅಪಾಯ ಹೊಳೆದಿರಲಿಲ್ಲ.

ಹಾಗಾದರೆ ಮಂಗಳೂರಿನಲ್ಲಿ ಎಲ್ಲ ಕನ್ನಡಮಯವೇ? ಅಲ್ಲ, ಇಲ್ಲಿ ನನ್ನ ವಾದಕ್ಕೆ ನಾನೇ ಅಡ್ಡ ಬರಬೇಕು. ಅಜ್ಜಿ ಕಥೆ ಹೇಳ್ತಿದ್ದ, ಗಡಿಯಾಚೆಯ ಆಸ್ಪತ್ರೆಯ ನರ್ಸಮ್ಮನೂ ಮಲಯಾಳಿಯೇ, ಕೋಟ್ಟಯಂ ಕಡೆಯವರು. ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಅಲ್ಲೇ ಕೆಲಸಕ್ಕೆ ನಿಂತ ಕೇರಳದ ಹುಡುಗಿಯರು ಬಹಳ. ವ್ಯತ್ಯಾಸ ಏನೆಂದರೆ, ಆ ವಾರ್ಡಿನಲ್ಲಿ ದಿನಕ್ಕೆ ನಲವತ್ತು ಜನ ತುಳು ಮಾತಾಡ್ತಾರೆ, ಇಪ್ಪತ್ತು ಜನ ಕನ್ನಡ, ಹತ್ತು ಜನ ಬ್ಯಾರಿ. ಆರು ತಿಂಗಳಲ್ಲಿ ನರ್ಸು ಕಲಿತೇ ಕಲೀತಾರೆ, “ಎಂಚ ಉಲ್ಲರ್ ಅಮ್ಮಾ” ಎಂದು ವಿಚಾರಿಸ್ತಾರೆ. ಹಾಗಾಗಿ ಪ್ರಶ್ನೆ ನರ್ಸಿನ ತಾಯ್ನುಡಿಯದ್ದೂ ಅಲ್ಲ, ರಾಜ್ಯದ್ದೂ ಅಲ್ಲ. ರೋಗಿಯ ಮಾತನ್ನು ಕಲಿಯುವುದು ಕೆಲಸದ ಭಾಗ ಎಂದು ಆಸ್ಪತ್ರೆಗೆ ಅನ್ನಿಸಿದೆಯೇ ಎನ್ನುವುದು. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಅಜ್ಜಿ ತಿರುವನಂತಪುರಕ್ಕೆ ಕನ್ನಡದಲ್ಲಿ ಅರ್ಜಿ ಬರೆಯಬಹುದಿತ್ತು, ಅವರಿಗೆ ಬರೆಯಲು ಬರ್ತಿರಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ಜಿಲ್ಲೆಗೆ ಸ್ವಂತ ದೊಡ್ಡ ಆಸ್ಪತ್ರೆ ಬೇಕೆಂಬ ಬೇಡಿಕೆಗೆ ಎಂಡೋಸಲ್ಫಾನ್ ಒಂದು ದೊಡ್ಡ ಕಾರಣ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ ಎಣ್ಮಕಜೆಯ ಪಡ್ರೆಯಲ್ಲಿ, ಕಾಯಿಲೆಗಳ ಸಾಮ್ಯವನ್ನು ಮೊದಲು ಗುರುತಿಸಿದವರು ಊರಲ್ಲೇ ಕೂತು ಜನರ ಭಾಷೆಯಲ್ಲಿ ರೋಗ ಕೇಳಿದ ಡಾಕ್ಟರ್ ವೈ. ಎಸ್. ಮೋಹನ ಕುಮಾರ್, ಅದನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಒಬ್ಬರು ಕನ್ನಡದ ಪತ್ರಕರ್ತ ಶ್ರೀಪಡ್ರೆ. ದೂರದ ಆಸ್ಪತ್ರೆಯಲ್ಲಿ ಒಬ್ಬೊಬ್ಬರೇ ಬೇರೆ ಬೇರೆ ವಿಭಾಗಕ್ಕೆ ಹೋಗಿದ್ದರೆ ಆ ಸಾಮ್ಯ ಯಾರಿಗೂ ಕಾಣುತ್ತಿರಲಿಲ್ಲವೇನೋ. ಆದರೆ ಅದರ ಮೇಲಿನ ಪ್ರಸಿದ್ಧ ಕಾದಂಬರಿ ‘ಎಣ್ಮಕಜೆ’ ಬಂದದ್ದು ಮಲಯಾಳದಲ್ಲಿ, 2009ರಲ್ಲಿ, ಅಂಬಿಕಾಸುತನ್ ಮಾಂಗಾಡರಿಂದ. ನಮ್ಮ ಗಡಿನಾಡ ಕನ್ನಡ ಸಾಹಿತ್ಯ ನೆಲದ ಬಗ್ಗೆ ಬರೆದಷ್ಟು ಮೈಯ ಬಗ್ಗೆ ಬರೆದಿಲ್ಲ ಎಂದು ನನ್ನ ಅನಿಸಿಕೆ. ಇದನ್ನು ಒಪ್ಪದವರು ಚರ್ಚೆಯಲ್ಲಿ ಹೇಳಿ.

ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರ ಕೊನೆಯಲ್ಲಿ. 2020ರ ಏಪ್ರಿಲಿನಲ್ಲಿ, ಗಡಿ ಮುಚ್ಚಿದ ಬಿಸಿಯಲ್ಲೇ, ಅದರ ಕಟ್ಟಡವೊಂದನ್ನು ತರಾತುರಿಯಿಂದ ಕೋವಿಡ್ ಆಸ್ಪತ್ರೆ ಮಾಡಿದರು. ತಿರುವನಂತಪುರದಿಂದ ವೈದ್ಯರ ತಂಡ ಬಂತು. ಹೊರರೋಗಿ ವಿಭಾಗ ಶುರುವಾದದ್ದು 2022ರಲ್ಲಿ, 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಬದಿಯಡ್ಕ, ಪೆರ್ಲ, ಎಣ್ಮಕಜೆಯವರಿಗೆ ಇದು ಹತ್ತಿರ. ಮಂಜೇಶ್ವರದವರಿಗೆ ಆಗಲೂ ಈಗಲೂ ದೇರಳಕಟ್ಟೆಯೇ ಹತ್ತಿರ. ಇದು ನಮ್ಮೊಬ್ಬರ ಕಥೆಯೂ ಅಲ್ಲ. ತಾಳವಾಡಿಯ ಕನ್ನಡಿಗರಿಗೆ ಅವರದ್ದೇ ರಾಜ್ಯದ ಸತ್ಯಮಂಗಲಕ್ಕೆ ಹೋಗಲು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯಬೇಕು, ಚಾಮರಾಜನಗರಕ್ಕಾದರೆ ಬಯಲ ದಾರಿ. ಒಳಗೆ ಆಸ್ಪತ್ರೆ ಕಟ್ಟುವುದು ಬೇಕು. ಹತ್ತಿರದ ಆಸ್ಪತ್ರೆ ಆಚೆಗಿದ್ದರೆ ಕಾರ್ಡು ಅಲ್ಲೂ ನಡೆಯುವ ಹಾಗೆ, ಮುಂದಿನ ಸಾಂಕ್ರಾಮಿಕ ಬಂದಾಗ ಡಯಾಲಿಸಿಸ್ಸಿನವರಿಗೆ ದಾರಿ ತೆರೆದಿರುವ ಹಾಗೆ, ಎರಡು ಸರ್ಕಾರಗಳು ಮೊದಲೇ ಕೂತು ಬರೆದಿಡುವುದೂ ಬೇಕು. ಎಂಡೋಸಲ್ಫಾನ್ ಪೀಡಿತರ ಉಚಿತ ಚಿಕಿತ್ಸೆಗೆ ಕೇರಳ ಗುರುತಿಸಿದ ಆಸ್ಪತ್ರೆಗಳಲ್ಲಿ ಮಂಗಳೂರಿನವೂ ಇದ್ದವು. ಆದ್ದರಿಂದ ಆಗದ ಮಾತೇನಲ್ಲ.

ಅಜ್ಜಿ ತೀರಿಕೊಂಡದ್ದು 2022ರಲ್ಲಿ, ತಲಪಾಡಿಯ ಆಚೆ, ಹಳೆಯ ಆಸ್ಪತ್ರೆಯಲ್ಲೇ. ಕೋಟ್ಟಯಂನ ನರ್ಸಮ್ಮ ತುಳುವಿನಲ್ಲಿ ಮಾತಾಡಿಸ್ತಾ ಇದ್ದರು. ಮರಣ ಪತ್ರ ಕರ್ನಾಟಕದ್ದು. ಅದನ್ನು ಹಿಡಿದು ಇಲ್ಲಿ ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಹೋದಾಗ, ಇದನ್ನು ಮಲಯಾಳಕ್ಕೆ ಮಾಡಿಸಿ ತನ್ನಿ ಎಂದರು. ಅಪ್ಪ ಮೂರು ಸಲ ಹೋಗಿ ಬಂದರು.

ನನ್ನ ಪುಸ್ತಕದಲ್ಲಿ ಈಗ ನೂರರ ಹತ್ತಿರ ಪದಗಳಾಗಿವೆ: ನೋವಿಗೆ, ಉರಿಗೆ, ಜೋಮಿಗೆ, ತಲೆ ತಿರುಗುವುದಕ್ಕೆ ತುಳು, ಕನ್ನಡ, ಬ್ಯಾರಿ, ಮಲಯಾಳದಲ್ಲಿ ಏನೆನ್ನುತ್ತಾರೆ, ಎಲ್ಲಿ ತಪ್ಪು ಅರ್ಥ ಆಗ್ತದೆ ಎಂದು. ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಉಕ್ಕಿನಡ್ಕಕ್ಕೆ ಬರುವ ಹೊಸ ವಿದ್ಯಾರ್ಥಿಗಳಿಗೆ ಕೊಡಬೇಕೆಂದಿದೆ. ಜತ್ತ, ಅಕ್ಕಲಕೋಟೆಯವರು ಮರಾಠಿ ಡಾಕ್ಟರ ಹತ್ತಿರ, ಹೊಸೂರಿನವರು ತಮಿಳು ಡಾಕ್ಟರ ಹತ್ತಿರ, ಆದೋನಿಯವರು ತೆಲುಗು ಡಾಕ್ಟರ ಹತ್ತಿರ ಎಡವಿದ ಪದಗಳಿದ್ದರೆ ದಯವಿಟ್ಟು ನನಗೆ ಕಳಿಸಿ. ಮನೆಯ ಹಿರಿಯ ಹೆಂಗಸರನ್ನು ಕೇಳಿ ಕಳಿಸಿ, ಅವರ ಹತ್ತಿರವೇ ಹೆಚ್ಚು ಇರ್ತದೆ. ಪ್ರಶ್ನೆಗಳಿದ್ದರೆ ಈಗ ತೆಗೆದುಕೊಳ್ತೇನೆ, ಮಳೆ ಸ್ವಲ್ಪ ಬಿಟ್ಟ ಹಾಗಿದೆ.